ಕೆಂಪು ಗೆರೆ ಇಲ್ಲದ ಮಾತು

"ಅಯ್ಯೋ, ನಗ್ಬೇಡ್ರೀ! ರಾಣಿ ನಿಮ್ಮನ್ನ ಹೊಗಳ್ತಿಲ್ಲ, ಶಪಿಸ್ತಿದ್ದಾಳೆ!"

ರಿಹರ್ಸಲ್ ನಡುವೆಯೇ ಅವಳು ಕೂಗಿಬಿಟ್ಟಳು. ಪರದೆಯ ಮರೆಯಲ್ಲಿ ಕೂತು, ನಟರು ಮರೆತ ಮಾತನ್ನು ಎತ್ತಿಕೊಡುವುದು ಅವಳ ಕೆಲಸ. ರಾಜನಾಗಿ ನಿಂತವನೋ, ನಿನ್ನೆಯವರೆಗೂ ಲೈಟು ಬಿಡುತ್ತಿದ್ದವನು! ರಾಜನ ಪಾತ್ರದವರು ಗಂಟಲು ಕಟ್ಟಿ ಮಲಗಿದ್ದರು. ಆ ಹಳೆಯ ದುರಂತ ನಾಟಕ ಪೂರ್ತಿ ಬಾಯಿಪಾಠ ಇದ್ದದ್ದು ಇವನೊಬ್ಬನಿಗೇ. ಪ್ರದರ್ಶನಕ್ಕೆ ಉಳಿದದ್ದು ಆರೇ ದಿನ.

"ರಾಣಿ 'ಎಂಥ ದಯಾಳು ನೀನು, ದೊರೆ' ಅಂತಾಳಲ್ಲ ಮೇಡಂ?"

"ಹಿಂದಿನ ದೃಶ್ಯದಲ್ಲಿ ನೀವೇನು ಮಾಡಿದ್ರಿ?"

"ಅವಳ ತಮ್ಮನ್ನ ಕೊಲ್ಲಿಸಿದೆ."

"ತಮ್ಮನ್ನ ಕೊಂದೋನಿಗೆ ಯಾರಾದ್ರೂ ದಯಾಳು ಅಂತಾರಾ? ಮಾತು ಒಂದು ಕಡೆ, ನಡೆದದ್ದು ಇನ್ನೊಂದು ಕಡೆ ಇದ್ರೆ ಅದು ವ್ಯಂಗ್ಯ! ಬರೀ ಮಾತು ಕೇಳ್ಬೇಡಿ, ಹಿಂದಿರೋ ಕೆಲಸ ನೋಡಿ."

"ಓಹೋ..." ಅವನ ಮುಖ ಅರಳಿತು. ಇವಳ ಎದೆ ಯಾಕೋ ಡವಡವ ಎಂದಿತು!

ಅಂದಿನಿಂದ ಅವನ ಪುಸ್ತಕದಲ್ಲಿ ವ್ಯಂಗ್ಯದ ಪ್ರತಿ ಮಾತಿನ ಕೆಳಗೂ ಅವಳು ಕೆಂಪು ಪೆನ್ಸಿಲ್ಲಿನಲ್ಲಿ ಗೆರೆ ಎಳೆದಳು. ದಿನವೂ ಒಂದು ಗಂಟೆ ಮೊದಲೇ ಬಂದು, ರಾಣಿಯ ಮಾತನ್ನು ತಾನೇ ಹೇಳಿ ಅಭ್ಯಾಸ ಮಾಡಿಸಿದಳು.

ನಾಲ್ಕನೆಯ ದಿನ ರಾಣಿ 'ದಯಾಳು' ಎಂದಾಗ ಅವನು ನಗಲಿಲ್ಲ. ತಲೆ ತಗ್ಗಿಸಿದ. ಅವಳ ಕಣ್ಣು ತುಂಬಿಬಂತು! ಆದರೆ ಅಲ್ಲಿಂದ ಹೊರಡುವಾಗ ಸಿಂಹಾಸನಕ್ಕೆ ಕಾಲು ತಾಗಿ ದೊರೆ ದಬಕ್ಕನೆ ಬಿದ್ದ. ಎಲ್ಲರೂ ನಕ್ಕರು. ಅವಳು ಓಡಿಬಂದಳು.

"ನಿಮ್ಮಂಥ ನಟನ್ನ ನಾನು ನೋಡೇ ಇಲ್ಲ ಕಣ್ರೀ!"

ಅವನ ಮುಖ ಸಪ್ಪಗಾಯಿತು. ಎದ್ದು ಹೊರಟುಹೋದ.

ಮರುದಿನ ಅವನು ಬೇಗ ಬರಲಿಲ್ಲ. ನಾಟಕದ ನಿರ್ದೇಶಕರಾದ ಅವಳ ಚಿಕ್ಕಪ್ಪ ಗದರಿದರು.

"ಪ್ರದರ್ಶನ ಮುಗಿದ ಕೂಡ್ಲೇ ಬೇರೆ ತಂಡಕ್ಕೆ ಹೋಗ್ತಾನಂತೆ. ಬಿದ್ದೋನನ್ನ ಆಡ್ಕೊಂಡ್ಯಂತಲ್ಲಮ್ಮಾ?"

"ನಾನಾ? ಮನಸಾರೆ ಹೊಗಳಿದ್ದು ಚಿಕ್ಕಪ್ಪ!"

"ಬಿದ್ದಾಗ ಹೊಗಳಿದ್ರೆ ಅವನೇನು ಅಂದ್ಕೋಬೇಕು? ಪಾಠ ಹೇಳ್ಕೊಟ್ಟೋಳು ನೀನೇ ತಾನೆ!"

ಮಾಡಿದ್ದುಣ್ಣೋ ಮಹಾರಾಯ! 'ಅಯ್ಯೋ, ನಾನೇ ಅವನನ್ನ ಕಳ್ಕೋತಿದ್ದೀನಲ್ಲ...' ಅವಳಿಗೆ ಅಳುವೇ ಬಂತು.

ಪ್ರದರ್ಶನದ ಸಂಜೆ ಅವನ ಪುಸ್ತಕದ ಕೊನೆಯ ಪುಟದಲ್ಲಿ ಅವಳು ಬರೆದಿಟ್ಟಳು: 'ನಿಮ್ಮಂಥ ನಟನನ್ನು ನಾನು ನೋಡಿಲ್ಲ. ನೀವು ಹೋದರೆ ನನಗೆ ಇಲ್ಲಿ ಯಾರೂ ಇಲ್ಲ.'

ಕೊನೆಯ ಚಪ್ಪಾಳೆ ಇನ್ನೂ ನಿಂತಿರಲಿಲ್ಲ. ಕಿರೀಟವನ್ನೂ ತೆಗೆಯದೆ ಅವನು ಪರದೆಯ ಮರೆಗೆ ಬಂದ. ಕೈಯಲ್ಲಿ ಅದೇ ಪುಟ!

"ಇದ್ರ ಕೆಳಗೆ ಗೆರೆ ಹಾಕೋದು ಮರೆತ್ರಾ?"

"ಮರೆತಿಲ್ಲ. ಹಾಕೋ ಹಾಗಿಲ್ಲ."

"ಅವತ್ತು ನಾನು ಬಿದ್ದಿದ್ದೆ..."

"ಬೀಳೋಕೆ ಮುಂಚೆ ನೀವು ತಲೆ ತಗ್ಗಿಸಿದ್ದನ್ನ ನೋಡಿದ್ನಲ್ಲ! ಕೆಲಸ ನೋಡಿ ಅಂದಿದ್ದೆ ತಾನೆ? ದಿನಾ ಒಂದು ಗಂಟೆ ಮುಂಚೆ ಯಾರಿಗೋಸ್ಕರ ಬರ್ತಿದ್ದೆ ನಾನು?"

ಅವನು ಒಂದು ಹೆಜ್ಜೆ ಹತ್ತಿರ ಬಂದ.

"ಅಂದ್ರೆ... ನಾನಂದ್ರೆ ನಿಮಗೆ ಇಷ್ಟಾನಾ?"

ಅವಳು ಅವನ ಎರಡೂ ಕೈಗಳನ್ನು ಬಿಗಿಯಾಗಿ ಹಿಡಿದುಕೊಂಡಳು.

"ಇಲ್ಲಪ್ಪ! ಒಂಚೂರೂ ಇಷ್ಟ ಇಲ್ಲ!"

ಅವನು ಅವಳ ಕೈಗಳನ್ನೇ ನೋಡಿದ. ಅವು ಬಿಟ್ಟಿರಲಿಲ್ಲ. ಮೆಲ್ಲಗೆ ನಕ್ಕ.

"ಹಾಕ್ರೀ, ಇದಕ್ಕೆ ಹಾಕಿ ಕೆಂಪು ಗೆರೆ!"