ತಪಾಸಣೆಗಾರ ವರ್ಜಿಲನ ಕೊನೆಯ ಮನೆ

ವರ್ಜಿಲ್ ಎಕ್‌ಡಾಲ್ ತೀರಿಕೊಂಡ ಸುದ್ದಿ ಅವನ ಅಣ್ಣ ಹಾರ್ಲನ್‌ಗೆ ತಲುಪಿದ್ದು ಚರ್ಚಿನ ಅಡಿಗೆಮನೆಯಲ್ಲಿ. ಬುಧವಾರದ ಪ್ರಾರ್ಥನೆಗೆ ಬರುವವರಿಗಾಗಿ ಅವನು ಕಾಫಿ ಕಾಯಿಸುತ್ತಿದ್ದಾಗ ಶೆರೀಫ್ ಓಟಿಸ್ ಟೊಪ್ಪಿಗೆಯನ್ನು ಕೈಯಲ್ಲಿ ಹಿಡಿದು ಒಳಗೆ ಬಂದ. ಸಭೆಯ ಹಿರಿಯನಾಗಿ ಎಷ್ಟೋ ಮನೆಗಳಿಗೆ ಇಂಥ ಸುದ್ದಿಯನ್ನು ತಾನೇ ಹೊತ್ತೊಯ್ದಿದ್ದ ಹಾರ್ಲನ್, ಆ ಟೊಪ್ಪಿಗೆಯನ್ನು ಕಂಡೊಡನೆ ಕುರ್ಚಿಗೆ ಕೈಯೂರಿದ.

"ಜೂನಿಪರ್ ಬೀದಿಯ ಖಾಲಿ ಮನೆ, ಹಾರ್ಲನ್. ತಪಾಸಣೆಗೆ ಹೋಗಿದ್ನಲ್ಲ. ನೆಲಮಾಳಿಗೆ ಮೆಟ್ಟಿಲಿಂದ ಬಿದ್ದಿದ್ದಾನೆ."

ಸಾವಿಗಿಂತ ಹೆಚ್ಚಾಗಿ ಚುಚ್ಚಿದ್ದು ಊರ ಮಾತು. ಕೊಳ್ಳುವವರ ಪರವಾಗಿ ಮನೆ ಪರೀಕ್ಷಿಸುವವನಿಗೆ ಸರ್ಕಾರದ ಲೈಸೆನ್ಸ್ ಇರಲೇಬೇಕೆಂಬ ಕಾನೂನು ಬರಲೆಂದು ವರ್ಜಿಲ್ ಅರ್ಧ ಆಯುಸ್ಸು ಸವೆಸಿದ್ದ. ಅದಕ್ಕೆ ಮೊದಲು ಏಣಿಯೊಂದು, ಟಾರ್ಚೊಂದು ಇದ್ದವನೆಲ್ಲ ತಪಾಸಣೆಗಾರನೇ. ಆ ಕಾನೂನನ್ನು ಉಳಿಸಬೇಕೋ ಅಳಿಸಬೇಕೋ ಎಂಬ ವಿಚಾರಣೆ ಶುಕ್ರವಾರ ರಾಜಧಾನಿಯಲ್ಲಿತ್ತು. ವರ್ಜಿಲ್ ಅಲ್ಲಿ ಸಾಕ್ಷಿ ಹೇಳಬೇಕಿತ್ತು. ಈಗ ಹೋಟೆಲಿನಲ್ಲಿ ಕುಳಿತವರು ನಗುತ್ತಿದ್ದರು: "ಲೈಸೆನ್ಸ್ ಇದ್ದೋನಿಗೇ ಮೆಟ್ಟಿಲು ಕಾಣ್ಲಿಲ್ಲ. ಇನ್ನು ನಮ್ಮನೆ ಏನು ನೋಡ್ತಿದ್ದ?"

ಮರುದಿನ ಬೆಳಗಾಗುತ್ತಲೇ ಹಾರ್ಲನ್ ಹೆನ್ರಿಯೆಟ್ಟಾ ವೋಸ್‌ಬರ್ಗ್‌ಳ ಬಾಗಿಲು ತಟ್ಟಿದ. ಲೈಸೆನ್ಸ್ ಮಂಡಳಿಗೆ ಬರುವ ದೂರುಗಳನ್ನು ಬಹುಕಾಲ ವಿಚಾರಿಸಿ ನಿವೃತ್ತಳಾದ ಹೆಂಗಸು ಆಕೆ. ಕಳೆದುಹೋದ ನಾಯಿಯಿಂದ ಹಿಡಿದು ಕಳ್ಳ ಉಯಿಲಿನವರೆಗೆ ಊರಿನಲ್ಲಿ ಯಾವ ಗಂಟು ಬಿದ್ದರೂ ಬಿಡಿಸುವವಳು ಅವಳೇ.

"ದೇವರು ಕೊಟ್ಟ, ದೇವರು ಕರೆದುಕೊಂಡ. ಅದನ್ನ ತಡ್ಕೋತೀನಿ," ಎಂದ ಹಾರ್ಲನ್. "ಆದ್ರೆ ನನ್ನ ತಮ್ಮ ಅಜಾಗರೂಕ ಅನ್ನೋ ಮಾತು ತಡ್ಕೊಳ್ಳೋಕಾಗಲ್ಲ, ಹೆನ್ರಿಯೆಟ್ಟಾ. ನಾಳೆ ವಿಚಾರಣೇಲಿ ಅವನ ಸಾವನ್ನೇ ತೋರಿಸಿ ಕಾನೂನು ಮುರೀತಾರೆ."

"ಕೋಟು ಹಾಕ್ಕೊಳ್ಳಿ," ಎಂದಳು ಆಕೆ. "ನೀವು ಗಾಡಿ ಓಡಿಸಿ, ನಾನು ಯೋಚನೆ ಮಾಡ್ತೀನಿ. ಸಂಜೆಯೊಳಗೆ ಗೊತ್ತಾಗುತ್ತೆ."

ಶೆರೀಫ್ ಕಚೇರಿಯಲ್ಲಿ ಓಟಿಸ್ ಸತ್ತವನ ಸಾಮಾನುಗಳನ್ನು ಮೇಜಿನ ಮೇಲಿಟ್ಟ. ಹಾರ್ಲನ್ ಬೂಟುಗಳನ್ನು ಕೈಗೆತ್ತಿಕೊಂಡ. "ದಿನಾ ಬೆಳಿಗ್ಗೆ ತಿಕ್ಕಿ ತಿಕ್ಕಿ ಹೊಳೆಯೋ ಹಾಗೆ ಮಾಡೋನು. ಸಂಜೆ ನೋಡಿದ್ರೆ ಹಂದಿಗೂಡಿಂದ ಬಂದ ಹಾಗಿರೋದು. ಈಗ ನೋಡಿ, ಚರ್ಚಿಗೆ ಹೊರಟ ಹಾಗಿದೆ."

ಓಟಿಸ್ ನಡೆದದ್ದನ್ನು ಹೇಳಿದ. ಮನೆ ಮಾರಿಸುವ ಏಜೆಂಟ್ ಲೊರೆಟ್ಟಾ ಕಿಂಬಲ್ ಬೆಳಿಗ್ಗೆ ವರ್ಜಿಲ್‌ಗೆ ಬಾಗಿಲು ತೆರೆದುಕೊಟ್ಟು ತನ್ನ ಕಚೇರಿಗೆ ಹೋದಳು. ಮಧ್ಯಾಹ್ನದವರೆಗೆ ಅಲ್ಲಿಯೇ ಕೊಳ್ಳುವವರ ಜೊತೆಗಿದ್ದು, ಅವರನ್ನು ಕರೆತಂದಾಗ ಹೆಣ ಕಂಡಳು. "ಓವನ್ ಉರೀತಿತ್ತು, ನಲ್ಲಿಗಳೆಲ್ಲ ಸುರೀತಿದ್ವು. ತಪಾಸಣೆ ಅರ್ಧ ಮುಗಿಸಿದ್ದ, ಅಷ್ಟರಲ್ಲಿ ಬಿದ್ದ. ಡಾಕ್ಟರು ಬೆಳಿಗ್ಗೆ ಅಂತಾರೇ ಹೊರತು ಖಚಿತ ಹೇಳ್ತಿಲ್ಲ. ಅವನ ಪಿಕಪ್ ಗಾಡಿಯ ಕೀ ಕೋಟಿನ ಜೇಬಲ್ಲೇ ಇತ್ತು. ಕಳ್ಳತನವಂತೂ ಅಲ್ಲ."

"ಜೇಬಲ್ಲೇ?" ಎಂದಳು ಹೆನ್ರಿಯೆಟ್ಟಾ. ಬೂಟುಗಳನ್ನು ಕೇಳಿ ಪಡೆದುಕೊಂಡು ಹೊರಟಳು.

ಜೂನಿಪರ್ ಬೀದಿಯಲ್ಲಿ ಕೆಲವು ದಿನಗಳ ಹಿಂದೆಯೇ ಹಿಮ ಕರಗಿ ಮನೆಯ ಸುತ್ತ ಕೆಸರಾಗಿತ್ತು. ಹಿತ್ತಲಿಗೆ ಹೋದ ಹಾರ್ಲನ್ ಕಣಕಾಲಿನವರೆಗೆ ಹೂತುಹೋದ. ಅಲ್ಲಿ ಹಕ್ಕಿಗಳ ಕಾಲಗುರುತು ಬಿಟ್ಟರೆ ಬೇರೆ ಹೆಜ್ಜೆ ಇರಲಿಲ್ಲ. ಮನೆಯ ಯಜಮಾನ ಫ್ಲಾಯ್ಡ್ ಬಾಸ್ಲರ್ ನೆಲಮಾಳಿಗೆಯ ಗೋಡೆಗೆ ಅಡ್ಡ ನಿಂತಿದ್ದ. ಗೋಡೆಯ ಬಣ್ಣ ಇನ್ನೂ ಹಸಿವಾಸನೆ ಹೊಡೆಯುತ್ತಿತ್ತು.

"ಬಿರುಕು ಎಷ್ಟು ಉದ್ದ ಫ್ಲಾಯ್ಡ್?" ಎಂದಳು ಹೆನ್ರಿಯೆಟ್ಟಾ.

"ಬಣ್ಣ ಬಳಿಯೋದೂ ಅಪರಾಧವಾ?" ಎಂದು ಅವನು ಸಿಡುಕಿದ.

ಹೆನ್ರಿಯೆಟ್ಟಾ ಈ ಸಾವನ್ನು ವಿಚಾರಿಸುತ್ತಿದ್ದಾಳೆಂಬ ಸುದ್ದಿ ಹಬ್ಬುತ್ತಲೇ ಊರಿನ ಬೆರಳು ರಾಯ್ಸ್ ಹ್ಯಾನ್ಲಿಯತ್ತ ತಿರುಗಿತು. ವರ್ಜಿಲ್ ಕೈಕೆಳಗೆ ಕಸುಬು ಕಲಿತವನು. ಕೊಳೆತ ತೊಲೆಗಳನ್ನು ಚೆನ್ನಾಗಿವೆ ಎಂದು ಬರೆದುಕೊಟ್ಟದ್ದಕ್ಕೆ ವರ್ಜಿಲನೇ ದೂರು ಕೊಟ್ಟು ಅವನ ಲೈಸೆನ್ಸ್ ಅಮಾನತು ಮಾಡಿಸಿದ್ದ. ಹೆನ್ರಿಯೆಟ್ಟಾ ಅವನನ್ನು ತನ್ನ ಮನೆಗೆ ಕರೆಸಿಕೊಂಡಳು.

"ನನ್ನ ಅಡಿಗೆಮನೆ ತಪಾಸಣೆ ಮಾಡಪ್ಪ."

"ಲೈಸೆನ್ಸ್ ಇಲ್ದೆ ಮಾಡಿದ್ರೆ ನೀವೇ ದೂರು ಕೊಡ್ತೀರಿ."

"ನಿವೃತ್ತಳಾಗಿದ್ದೀನಿ. ಧೈರ್ಯವಾಗಿ ಮಾಡು."

ರಾಯ್ಸ್ ಗೊಣಗುತ್ತ ಓವನ್ನಿನ ಗುಂಡಿ ತಿರುಗಿಸಿದ. ಅದೇ ಕ್ಷಣ ಅವನ ಇನ್ನೊಂದು ಕೈ ಜೇಬಿಗೆ ಹೋಗಿ ಗಾಡಿಯ ಕೀ ತೆಗೆದು ಓವನ್ನಿನ ಹಿಡಿಗೆ ನೇತುಹಾಕಿತು.

"ಅದ್ಯಾಕೆ ಅಲ್ಲಿ?" ಎಂದ ಹಾರ್ಲನ್.

"ಯಾಕೆ ಅಂದ್ರೆ? ಓವನ್ ಆರಿಸೋದು ಮರೆತು ಮನೆಗೆ ಹೋಗಬಾರದಲ್ಲ. ಕೀ ಇಲ್ದೆ ಗಾಡಿ ಹೊರಡಲ್ಲ. ನಿಮ್ಮ ತಮ್ಮನೇ ಕಲಿಸಿದ್ದು. ಮರೆತಾಗ ಕೈಮೇಲೆ ಹೊಡೀತಿದ್ದ, ಮುದುಕ." ಅವನು ಮುಖ ತಿರುಗಿಸಿಕೊಂಡ.

ಹೆನ್ರಿಯೆಟ್ಟಾ ತಾನೇ ಓವನ್ ಆರಿಸಿದಳು. "ಓಟಿಸ್‌ಗೆ ಫೋನ್ ಮಾಡಿ, ಹಾರ್ಲನ್. ಎಲ್ಲರೂ ಜೂನಿಪರ್ ಬೀದಿಗೆ ಬರಲಿ."

ಸಂಜೆ ಆ ಖಾಲಿ ಅಡಿಗೆಮನೆಯಲ್ಲಿ ಫ್ಲಾಯ್ಡ್, ರಾಯ್ಸ್, ಲೊರೆಟ್ಟಾ ಮೂವರೂ ನಿಂತಿದ್ದರು. ಲೊರೆಟ್ಟಾ ಕಿಂಬಲ್ ಸತ್ತವನ ಮನೆಗೆಂದು ಬೇಯಿಸಿದ ಕ್ಯಾಸರೋಲ್ ಎಂಬ ಅಡಿಗೆಯನ್ನು ಪಾತ್ರೆಯಲ್ಲಿ ತಂದಿದ್ದಳು.

"ಲೊರೆಟ್ಟಾ, ನಿನ್ನೆ ವರ್ಜಿಲ್ ಬಂದೋನು ಮೊದಲು ಏನು ಮಾಡಿದ?" ಎಂದಳು ಹೆನ್ರಿಯೆಟ್ಟಾ.

"ಎಂದಿನ ಹಾಗೇ. ಮನೆ ಸುತ್ತ ಒಂದು ಸುತ್ತು ಹಾಕಿ, ಗೋಡೆ ಬುಡ ಎಲ್ಲ ನೋಡಿದ. ಕಣ್ಣಾರೆ ನೋಡಿದ್ದೀನಿ. ಒಳಗೆ ಬಂದ್ಮೇಲೆ ನಾನು ಹೊರಟೆ."

ಹೆನ್ರಿಯೆಟ್ಟಾ ಹೊಳೆಯುವ ಬೂಟುಗಳನ್ನು ಅಡಿಗೆಕಟ್ಟೆಯ ಮೇಲಿಟ್ಟಳು. "ಈ ಕೆಸರಲ್ಲಾ?"

"ಒರೆಸ್ಕೊಂಡಿರಬಹುದು!"

"ಬೂಟು ಒರೆಸಬಹುದು, ಹಿತ್ತಲಲ್ಲಿರೋ ಹೆಜ್ಜೆ ಒರೆಸೋಕಾಗಲ್ಲ. ಅಲ್ಲಿ ಹಕ್ಕಿ ಬಿಟ್ರೆ ಯಾರೂ ನಡೆದಿಲ್ಲ. ತಪಾಸಣೆ ಶುರುವಾಗೋದೇ ಹೊರಗಿಂದ. ಅಂದ್ರೆ ವರ್ಜಿಲ್ ಕೆಲಸ ಶುರು ಮಾಡೋದಕ್ಕೂ ಮೊದಲೇ ಸತ್ತಿದ್ದ. ಓವನ್ ಅವನೇ ಹಚ್ಚಿದ್ರೆ ಕೀ ಅದರ ಹಿಡೀಲಿರ್ತಿತ್ತು, ಜೇಬಲ್ಲಲ್ಲ. ಹಾಗಾದ್ರೆ ಓವನ್ ಹಚ್ಚಿ ನಲ್ಲಿ ಬಿಟ್ಟೋರು ಯಾರು? ಮಧ್ಯಾಹ್ನದವರೆಗೂ ಅವನು ಬದುಕಿದ್ದ ಅಂತ ತೋರಿಸಬೇಕಾದೋರು."

"ರಾಯ್ಸ್ ಇದ್ದಾನಲ್ಲ," ಎಂದ ಫ್ಲಾಯ್ಡ್.

"ರಾಯ್ಸ್ ಆಗಿದ್ರೆ ಸತ್ತವನ ಕೀ ಓವನ್ ಹಿಡೀಲಿ ನೇತಾಡ್ತಿತ್ತು. ಅವನ ಕೈಗೆ ಅದು ಉಸಿರಾಟದ ಹಾಗೆ. ನೀನಾಗಿದ್ರೆ ಓವನ್ ನೆನಪೇ ಬರ್ತಿರ್ಲಿಲ್ಲ. ನಿನ್ನ ಧ್ಯಾನವೆಲ್ಲ ಆ ಗೋಡೆ ಮೇಲೆ. ತಪಾಸಣೇಲಿ ಏನೇನು ನಡೆಯುತ್ತೆ ಅಂತ ಗೊತ್ತು, ಆದ್ರೆ ಸ್ವಂತ ಕೈಯಿಂದ ಒಂದು ದಿನವೂ ಮಾಡಿಲ್ಲ, ಅಂಥೋರ ಕೆಲಸ ಇದು. ಏಜೆಂಟ್ ಬರೋದು ಕೊನೆಗೆ, ವರದಿ ಕೇಳೋಕೆ. ಅಷ್ಟೊತ್ತಿಗೆ ಓವನ್ ಆರಿರುತ್ತೆ, ಕೀ ಜೇಬಿಗೆ ಹೋಗಿರುತ್ತೆ. ಬೆಳಿಗ್ಗೆ ಬಾಗಿಲು ತೆಗೆದದ್ದೂ ನೀನೇ, ಲೊರೆಟ್ಟಾ."

ಆಗ ಮಾತಾಡಿದವನು ರಾಯ್ಸ್. "ನನ್ನ ಕೈಲಿ ಸುಳ್ಳು ವರದಿ ಬರೆಸಿದ್ದೂ ಇವಳೇ. ಬರೀದಿದ್ರೆ ಒಬ್ಬ ಗಿರಾಕಿನೂ ಕಳಿಸಲ್ಲ ಅಂದಿದ್ಲು. ಶುಕ್ರವಾರ ವರ್ಜಿಲ್ ಹೇಳಬೇಕಾಗಿದ್ದು ಅದೇ."

ಲೊರೆಟ್ಟಾ ಕೈಯಲ್ಲಿದ್ದ ಪಾತ್ರೆಯನ್ನು ನಿಧಾನವಾಗಿ ಕೆಳಗಿಟ್ಟಳು. "ಹೆಸರು ಹೇಳಬೇಡ ಅಂತ ಬೇಡ್ಕೊಂಡೆ," ಎಂದಳು. "'ಬೇಲಿನೇ ಹೊಲ ಮೇಯ್ತಿದ್ರೆ ಹೇಳ್ದೆ ಇರೋಕಾಗಲ್ಲ' ಅಂದ. ತಳ್ಳಿಬಿಟ್ಟೆ. ಅವನ ಹಿಂದೆ ನೆಲಮಾಳಿಗೆ ಬಾಗಿಲು ತೆಗೆದಿತ್ತು..." ಓಟಿಸ್ ಅವಳ ತೋಳು ಹಿಡಿದ.

ಶುಕ್ರವಾರ ವರ್ಜಿಲ್ ನಿಲ್ಲಬೇಕಾಗಿದ್ದ ಜಾಗದಲ್ಲಿ ರಾಯ್ಸ್ ನಿಂತ. ತಾನು ಬರೆದ ಸುಳ್ಳುಗಳನ್ನು ಒಂದೊಂದಾಗಿ ಹೇಳಿ, "ಕಾನೂನು ಇಲ್ದಿದ್ರೆ ನನ್ನನ್ನ ಹಿಡಿಯೋರೇ ಇರ್ತಿರ್ಲಿಲ್ಲ," ಎಂದ. ವಿಚಾರಣೆ ನಡೆಸಿದ ಸಮಿತಿ ಕಾನೂನನ್ನು ಉಳಿಸಿತು. ವರ್ಜಿಲನ ಹೆಸರು ಹೇಳಿದಾಗ ಆ ಸಭೆಯಲ್ಲಿ ಯಾರೂ ನಗಲಿಲ್ಲ.

ಶನಿವಾರ ಸಮಾಧಿಯ ಗುಂಡಿಯ ಬಳಿ ಪಾದ್ರಿಗಳು ಕೊನೆಯ ಪ್ರಾರ್ಥನೆಯನ್ನು ಹಾರ್ಲನ್‌ಗೆ ಬಿಟ್ಟುಕೊಟ್ಟರು. ಎಷ್ಟೋ ಜನರಿಗಾಗಿ ತಡವರಿಸದೆ ಪ್ರಾರ್ಥಿಸಿದ್ದ ಮುದುಕ ಈ ಸಲ ಮೊದಲ ಪದಕ್ಕೇ ತಡವರಿಸಿದ. ರಾಯ್ಸ್ ಬಂದು ಪಕ್ಕದಲ್ಲಿ ನಿಂತ. ಆಮೇಲೆ ಹಾರ್ಲನ್ ಕಣ್ಣು ಮುಚ್ಚಿದ.

"ಕರ್ತನೇ, ನಿನ್ನ ಸೇವಕ ವರ್ಜಿಲ್ ದಣಿದು ಬಂದಿದ್ದಾನೆ. ಅವನು ಕಂಡದ್ದನ್ನು ಕಂಡ ಹಾಗೆ ಹೇಳಿದವನು. ಅವನನ್ನು ನಿನ್ನ ಬೆಳಕಿನಲ್ಲಿ ಸೇರಿಸಿಕೋ. ಅವನ ಆತ್ಮಕ್ಕೆ ಎಂದೆಂದಿಗೂ ಶಾಂತಿಯನ್ನು ಕೊಡು. ಆಮೆನ್."