ಮುಂಗೋಳಿಗೆ ಹೊದಿಸಿದ ಕೌದಿ

ಆ ಮಧ್ಯಾಹ್ನವೂ ಹಾವೇರಿ ಸೀಮೆಯ ಹುಲ್ಲುಗಾವಲಿನಲ್ಲಿ ‘ಮುಂಗೋಳಿ’ ಗುಡುಗಿತು. ಹೆಸರಿಗೆ ಕೋಳಿ, ನೋಡಲು ರೊಟ್ಟಿ ಡಬ್ಬಿಯಷ್ಟಿದ್ದ ಯಂತ್ರ.

ಕಾಡುಬೀಜಗಳು ಮಹಾ ಅನುಮಾನದ ಪ್ರಾಣಿಗಳು. ಒಂದು ಮಳೆ ಬಿತ್ತೆಂದು ಮೊಳೆಯುವುದಿಲ್ಲ. ವರ್ಷಗಟ್ಟಲೆ ಮಣ್ಣಿನಲ್ಲಿ ಮುಸುಕೆಳೆದು ಮಲಗಿರುತ್ತವೆ. ಈ ಸುಪ್ತಾವಸ್ಥೆಯನ್ನು ಮುರಿಯಲೆಂದೇ ಸಸ್ಯವಿಜ್ಞಾನಿ ನೀಲಗಂಗಾ ಮುಂಗೋಳಿಯನ್ನು ಕಟ್ಟಿದ್ದಳು. ಗುಡುಗಿನ ಕಂಪನವನ್ನು ಮಣ್ಣಿಗಿಳಿಸಿ, ಮಳೆಗಾಲ ಬಂತೆಂದು ಅದು ಬೀಜಗಳನ್ನು ನಂಬಿಸುತ್ತಿತ್ತು. ಹುಲ್ಲುಗಾವಲಿನಿಂದ ಕಣ್ಮರೆಯಾದ ನೀಲಿಗೆಜ್ಜೆ ಗಿಡದ ಬೀಜ ಜಗತ್ತಿನಲ್ಲೇ ಒಂದು ಬೊಗಸೆ ಉಳಿದಿತ್ತು. ಅಷ್ಟನ್ನೂ ಅವಳು ಇಲ್ಲಿ ಬಿತ್ತಿದ್ದಳು, ದೂರದ ದೊಡ್ಡ ಪಾತಿಗೊಂದು, ಗುಡಾರದ ಪಕ್ಕದ ಸಣ್ಣ ಪಾತಿಗೊಂದು ಯಂತ್ರವಿಟ್ಟು. ಇದು ಕೆಟ್ಟರೆ ಆ ಗಿಡದ ಕಥೆಯೇ ಮುಗಿದಂತೆ.

ಜೊತೆಗೆಂದು ಬಂದಿದ್ದ ಅತ್ತೆ ಹಂಪವ್ವನಿಗೆ ಮಾತ್ರ ಇದು ಹಿಡಿಸಿರಲಿಲ್ಲ.

“ಉಂಡು ಒಂದೀಟು ಅಡ್ಡಾಗೂಣಂದ್ರ ಬಿಡೂದಿಲ್ಲಲ್ಲವಾ ನಿನ್ನ ಕೋಳಿ! ಮಲಗಿದವರನ್ನ ಎಬ್ಬಿಸಬಾರದು.”

“ನೂರಕ್ಕ ನೂರು ಬೀಜ ಏಳಬೇಕ್ರಿ ಅತ್ತಿ. ಒಂದೂ ಮಲಗಂಗಿಲ್ಲ.”

“ಹೌದವಾ, ಅಜ್ಜಿ ಕೋಳಿ ಕೂಗದಿದ್ರ ಬೆಳಕs ಹರಿಯೂದಿಲ್ಲಂತ!”

ಆದರೆ ಒಂದು ದಿನ ದೊಡ್ಡ ಪಾತಿಯ ಬೀಜಗಳೆಲ್ಲ ಒಟ್ಟಿಗೇ ಮೊಳೆತವು. ನೀಲಗಂಗಾ ಹಿರಿಹಿರಿ ಹಿಗ್ಗಿದಳು. ಗುಡಾರದ ಪಾತಿ ಬೋಳಾಗಿಯೇ ಇತ್ತು; ಮಣ್ಣು ಸರಿಯಿಲ್ಲವೆಂದು ಅದನ್ನು ಕೈಬಿಟ್ಟಳು, ಅಲ್ಲಿಯ ಯಂತ್ರ ಆರಿಸುವ ಗೋಜಿಗೂ ಹೋಗಲಿಲ್ಲ.

ಮರುದಿನ ಬೆಳಿಗ್ಗೆ ಹೋಗಿ ನೋಡಿದರೆ ದೊಡ್ಡ ಪಾತಿಯಲ್ಲಿ ಒಂದು ಎಲೆಯೂ ಇರಲಿಲ್ಲ. ಚಿಗುರೆಲ್ಲ ಒಂದೇ ಸಲ ಎದ್ದು ಕೃಷ್ಣಮೃಗಗಳಿಗೆ ಪಂಕ್ತಿಯೂಟ ಬಡಿಸಿದಂತಾಗಿತ್ತು. ಅವು ಸಾಲಾಗಿ ಉಂಡು, ಹಿಕ್ಕೆಯ ದಕ್ಷಿಣೆ ಬಿಟ್ಟು ಹೋಗಿದ್ದವು. ನೀಲಗಂಗಾ ಅಲ್ಲೇ ಕುಸಿದು ಅತ್ತಳು.

ಮಧ್ಯಾಹ್ನ ಕಣ್ಣೊರೆಸಿಕೊಂಡು ಗುಡಾರಕ್ಕೆ ಬಂದಾಗ, ಅತ್ತೆ ಅಲ್ಲಿಯ ಮುಂಗೋಳಿಯ ಮೇಲೊಂದು, ಕೆಳಗೊಂದು ಕೌದಿ ಸಿಕ್ಕಿಸುತ್ತಿದ್ದಳು.

“ಏನ ಮಾಡಾಕತ್ತೀರಿ?”

“ಕೋಳಿಗೆ ಹೊಚ್ಚಾಕತ್ತೀನಿ. ನೀ ದೊಡ್ಡ ಪಾತಿಗೆ ಹೋದಾಗ ದಿನಾ ಹೊಚ್ಚತೀನಿ, ಇಲ್ಲಂದ್ರ ನಿದ್ದಿ ಹೆಂಗ ಬರಬೇಕು?”

ನೀಲಗಂಗಾಳಿಗೆ ಮೈಯೆಲ್ಲ ಉರಿಯಿತು. ಬೈಯಲು ಬಾಯಿ ತೆರೆದವಳು ತೆರೆದಂತೆಯೇ ನಿಂತಳು. ಕೌದಿ ಗುಡುಗನ್ನು ನುಂಗಿತ್ತು. ಹಾಗಿದ್ದರೆ ಆ ಪಾತಿಯ ಬೀಜಗಳು ಸತ್ತಿರಲಿಲ್ಲ, ಮಲಗಿದ್ದವು! ಅವಳು ಓಡಿಹೋಗಿ ಯಂತ್ರವನ್ನು ಆರಿಸಿ, ಅತ್ತೆಯನ್ನು ಬಿಗಿಯಾಗಿ ಅಪ್ಪಿಕೊಂಡಳು.

ನಿಜವಾದ ಮಳೆ ಬಂದಾಗ ಅಲ್ಲೊಂದು ಇಲ್ಲೊಂದು ಮೊಳಕೆ ಎದ್ದಿತು. ಕೆಲವನ್ನು ಮೃಗಗಳು ತಿಂದವು. ವಾರ ಬಿಟ್ಟು ಮತ್ತೆ ಕೆಲವು ಎದ್ದವು. ಉಳಿದವು ಮುಂದಿನ ವರ್ಷ ನೋಡೋಣವೆಂದು ಮಗ್ಗುಲು ಬದಲಿಸಿದವು. ಶ್ರಾವಣದಲ್ಲಿ ಮೊದಲ ನೀಲಿ ಹೂ ಬಿಟ್ಟಿತು.

ಅಂದು ಮಧ್ಯಾಹ್ನವೇ ನೀಲಗಂಗಾಳ ಸಂಸ್ಥೆಯ ನಿರ್ದೇಶಕರ ಫೋನು ಬಂತು. ಯಂತ್ರ ಇಷ್ಟು ದಿನ ಏಕೆ ಆರಿದೆ ಎಂದು ಅವರಿಗೆ ಈಗಿಂದೀಗಲೇ ತಿಳಿಯಬೇಕಿತ್ತು.

ಕೌದಿ ಹೊದ್ದು ಗೊರಕೆ ಹೊಡೆಯುತ್ತಿದ್ದ ಸೊಸೆಯ ಕಡೆ ಹಂಪವ್ವ ಒಮ್ಮೆ ನೋಡಿದಳು.

“ಆಕಿ ಮಲಗ್ಯಾಳ್ರಿ,” ಎಂದಳು. “ನಾ ಎಬ್ಬಿಸೂದಿಲ್ಲ. ತಾನs ಏಳತಾಳ.”