ಸೋದರಮಾವನ ಜೋಡಿ ಬಟ್ಟೆ

"ಅಳತೆ ಇಲ್ಲದೆ ನಾನು ಕತ್ತರಿ ಹಿಡಿಯಲ್ಲ."

ರಂಜಿನಿ ಹೊಲಿಗೆ ಮಿಷನ್ನಿನಿಂದ ತಲೆ ಎತ್ತದೆಯೇ ಹೇಳಿದಳು.

ಬಾಗಿಲಲ್ಲಿ ನಿಂತಿದ್ದವನು ಕದಲಲಿಲ್ಲ. ಕಂಕುಳಲ್ಲಿ ಬಟ್ಟೆಯ ಪೊಟ್ಟಣ. ಕೊರಳಲ್ಲಿ ತೆಗೆಯಲು ಮರೆತ ವಿಷಲ್ಲು.

"ಮಕ್ಕಳ ಹಳೇ ಬಟ್ಟೆ ಒಂದೊಂದು ತನ್ನಿ ಸಾಕು. ಅದನ್ನೇ ಇಟ್ಟು ಅಳತೆ ತಗೋತೀನಿ."

"ಹಳೇ ಬಟ್ಟೆ ಇಲ್ಲ ಮೇಡಂ."

"ಹಾಗಾದ್ರೆ ಮಕ್ಕಳನ್ನೇ ಕರ್ಕೊಂಡು ಬನ್ನಿ."

"ಅದೂ... ಆಗಲ್ಲ."

ಈಗ ಅವಳು ತಲೆ ಎತ್ತಿದಳು. ಬಿಸಿಲಲ್ಲಿ ಬಸ್ಸಿಳಿದು ನಡೆದು ಬಂದ ಮುಖ. ಕಣ್ಣುಗಳು ಮಾತ್ರ ತಪ್ಪು ಮಾಡಿದ ಹುಡುಗನವು.

"ಯಾರ ಮಕ್ಕಳು?"

"ನನ್ನ ತಂಗಿ ಮಕ್ಕಳು. ನಾನು ಅವರನ್ನ ಇನ್ನೂ ನೋಡೇ ಇಲ್ಲ ಕಣ್ರೀ!"

ಮಿಷನ್ನಿನ ಚಕ್ರ ತಾನಾಗಿ ನಿಂತಿತು.

ಅವನು ಶಿವಮೂರ್ತಿ. ತಿ. ನರಸೀಪುರದ ಹೈಸ್ಕೂಲೊಂದರಲ್ಲಿ ಪಿ.ಟಿ. ಮೇಷ್ಟ್ರು. ತಂಗಿ ಸಿಂಧು ಬೇರೆ ಜಾತಿಯ ಹುಡುಗನನ್ನು ಮದುವೆಯಾಗಿ ತಲಕಾಡಿಗೆ ಹೋದ ದಿನ ಅಪ್ಪ ಗೋವಿಂದಯ್ಯ ಮನೆಯ ಬಾಗಿಲು ಮುಚ್ಚಿದ್ದರು. ಅದಾದ ಮೇಲೆ ಅವಳಿಗೆ ಒಂದು ಹೆಣ್ಣು, ಒಂದು ಗಂಡು ಹುಟ್ಟಿತು. ಬಸ್ಸು ಹತ್ತಿದರೆ ಮುಟ್ಟುವ ಊರು. ಆದರೂ ಇವರ ಮನೆಯಿಂದ ಒಬ್ಬರೂ ಹೋಗಲಿಲ್ಲ.

ಈಗ ಗಂಡು ಮಗುವಿಗೆ ಇಲ್ಲೇ ನಂಜನಗೂಡಿನಲ್ಲಿ ಮೂರನೇ ವರ್ಷದ ಮುಡಿ. ಸೋದರಮಾವನ ತೊಡೆಯ ಮೇಲೆ ಕೂರಿಸಿಯೇ ಮುಡಿ ತೆಗೆಯಬೇಕು. ಸ್ನಾನವಾದ ಮೇಲೆ ಮಾವ ತಂದ ಹೊಸ ಬಟ್ಟೆಯನ್ನೇ ಹಾಕಬೇಕು.

"ಅಪ್ಪನೇ ಬಾಯಿ ಬಿಟ್ರು. 'ಮಾವ ಬದುಕಿರೋವಾಗ ಮಗು ಬೇರೆಯೋರ ತೊಡೆ ಮ್ಯಾಲೆ ಕೂತ್ಕೊಂಡ್ರೆ ನಾವಿದ್ದೂ ಏನ್ಲಾ ಪ್ರಯೋಜನ? ಓಗ್ ಕರ್ಕೊಂಡ್ ಬಾ' ಅಂದ್ರು. ಇಷ್ಟು ವರ್ಷ ಬಿಟ್ಟು ಬರಿಗೈಲಿ ಹೋಗಿ ನಿಲ್ಲೋಕೆ ನನಗೆ ಮುಖ ಇಲ್ಲ. ಇಬ್ಬರಿಗೂ ಜೋಡಿ ಬಟ್ಟೆ ಹೊಲಿಸಿಕೊಂಡೇ ಹೋಗ್ಬೇಕು."

ರಂಜಿನಿ ಪೊಟ್ಟಣವನ್ನು ಮೆಲ್ಲಗೆ ಅವನತ್ತ ತಳ್ಳಿದಳು.

"ಹಾಗಾದ್ರೆ ಬೇರೆ ಕಡೆ ಕೊಡಿ. ಶುಭಕಾರ್ಯದ ಬಟ್ಟೆ ನಾನು ಹೊಲಿಯಲ್ಲ."

"ಯಾಕೆ?"

"ನಮ್ಮ ಯಜಮಾನ್ರು ತೀರ್ಕೊಂಡಿದ್ದಾರೆ."

ಅವಳ ದನಿಯಲ್ಲಿ ಏರಿಳಿತವಿರಲಿಲ್ಲ. ಗಂಡ ಮಧುಕುಮಾರ ಬೈಕಿನಲ್ಲಿ ಹೋದವನು ತಿರುಗಿ ಬರದ ದಿನದಿಂದ ಅವಳ ದನಿ ಹಾಗೇ ಇತ್ತು. ಎಂ.ಎ. ಓದಿದವಳು, ಶಕುನವನ್ನು ನಂಬಿದವಳಲ್ಲ. ಆದರೆ ನಾಮಕರಣಕ್ಕೆಂದು ಅವಳಿಂದ ಫ್ರಾಕು ಹೊಲಿಸಿಕೊಂಡ ಹೆಂಗಸೊಬ್ಬಳು, ಆಮೇಲೆ ಅದನ್ನು ಮಗುವಿಗೆ ಹಾಕದೆ ಪಕ್ಕದ ಮನೆಯವರಿಗೆ ಕೊಟ್ಟಿದ್ದಳು. ಆ ಸುದ್ದಿ ಕೇಳಿದ ಮೇಲೆ ರಂಜಿನಿ ತಾನೇ ಒಂದು ಗೆರೆ ಎಳೆದುಕೊಂಡಳು. ಸ್ಕೂಲಿನ ಯೂನಿಫಾರಂ, ದಿನಬಳಕೆಯ ಲಂಗ, ಚಡ್ಡಿ... ಅಷ್ಟೇ.

ಶಿವಮೂರ್ತಿ ಪೊಟ್ಟಣವನ್ನು ವಾಪಸು ಅವಳ ಕಡೆಗೇ ತಳ್ಳಿದ.

"ಮೇಡಂ, ಸ್ವಂತ ತಂಗಿ ಮಕ್ಕಳನ್ನ ನೋಡದೆ ಕೂತಿದ್ದವರು ನಾವು. ಶಕುನ ನೋಡೋ ಯೋಗ್ಯತೆ ನಮಗೆಲ್ಲಿ ಬಂತು?"

ಒಳಮನೆಯಿಂದ ಅತ್ತೆ ಮಹದೇವಮ್ಮನ ದನಿ ಬಂತು.

"ಒಲ್ಕೊಡು ಕೂಸು! ಅಂಗಡಿ ಬಾಗ್ಲಿಗೆ ಬಂದೋರ್ನ ಓಗಿ ಓಗಿ ಅಂದ್ರೆ ನಾಳೆ ನಾನೂ ನೀನೂ ಏನು, ದಾರ ತಿನ್ನಾದಾ?"

ಅವನು ನಕ್ಕುಬಿಟ್ಟ. ರಂಜಿನಿ ನಗಲಿಲ್ಲ. ಆದರೆ ಪೊಟ್ಟಣವನ್ನು ಬಿಚ್ಚಿದಳು.

ನೀಲಿ ಕಾಟನ್, ತುಂಬ ಹಳದಿ ಹೂವು.

"ಇಬ್ಬರಿಗೂ ಇದನ್ನೇ ಹಾಕಿದ್ರೆ ಬ್ಯಾಂಡ್‌ಸೆಟ್‌ನವರ ಥರ ಕಾಣ್ತಾರೆ," ಎಂದಳು. "ಹುಡುಗಿಗೆ ಹೂವಿನ ಫ್ರಾಕು, ಸೊಂಟಕ್ಕೆ ಹಳದಿ ಪಟ್ಟಿ. ಹುಡುಗನಿಗೆ ಬರೀ ಹಳದಿ ಅಂಗಿ. ಕಾಲರ್ರು, ಜೇಬು ಮಾತ್ರ ಈ ಹೂವಿಂದು. ಪಕ್ಕಪಕ್ಕ ನಿಂತ್ರೆ ಅಕ್ಕ ತಮ್ಮ ಅಂತ ಗೊತ್ತಾಗ್ಬೇಕು. ಬೇರೆ ಬೇರೆ ನಿಂತ್ರೂ ಚೆನ್ನಾಗಿ ಕಾಣ್ಬೇಕು."

ಅವನು ಬೆರಗಾಗಿ ನೋಡಿದ. "ನಾನು ಹುಡುಗರನ್ನ ಸಾಲಾಗಿ ನಿಲ್ಲಿಸೋನು. ಎಲ್ಲಾ ಒಂದೇ ಥರ ಇದ್ರೆ ಚೆಂದ ಅಂದ್ಕೊಂಡಿದ್ದೆ."

"ಅಳತೆ?"

"ಒಂದು ಫೋಟೋ ಇದೆ. ತಂಗಿ ವಾಟ್ಸಾಪ್ ಸ್ಟೇಟಸ್‌ಗೆ ಹಾಕಿದ್ಲು ಮೊನ್ನೆ. ಮಾತಿಲ್ಲ ಕತೆಯಿಲ್ಲ, ಸ್ಟೇಟಸ್ ಮಾತ್ರ ದಿನಾ ನೋಡ್ತಿದ್ದೆ."

ಫೋಟೋದಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ. ಅದರಲ್ಲಿ ಕೂತ ಮಗು. ಪಕ್ಕದಲ್ಲಿ ಕುರ್ಚಿಯ ಕೈ ಹಿಡಿದು ನಿಂತ ಹುಡುಗಿ.

ರಂಜಿನಿ ಬಹಳ ಹೊತ್ತು ನೋಡಿದಳು. ಆಮೇಲೆ ಎದ್ದು, ಅವನು ಒರಗಿ ನಿಂತಿದ್ದ ಕುರ್ಚಿಯನ್ನು ಎಳೆದುಕೊಂಡಳು. ಅದೇ ಥರದ ಕುರ್ಚಿ. ಊರೂರಲ್ಲೂ ಇರುವಂಥದು. ಟೇಪು ಹಿಡಿದು ಅದರ ಕೈ, ಬೆನ್ನು, ಕೂರುವ ಜಾಗ ಅಳೆದಳು. ಹುಡುಗಿಯ ಭುಜ ಕುರ್ಚಿಯ ಕೈಗಿಂತ ಅರ್ಧ ಗೇಣು ಮೇಲೆ. ಮಗುವಿನ ತಲೆ ಬೆನ್ನೊರಗಿನ ಅಂಚಿಗೆ ಸಮ...

ಮಹದೇವಮ್ಮ ಬಾಗಿಲಿಗೆ ಬಂದು ಮೂಗಿನ ಮೇಲೆ ಬೆರಳಿಟ್ಟರು. "ಕುರ್ಚಿಗ್ಯಾಕವ್ವ ಅಂಗಿ?"

*

ಹಳದಿ ಬಟ್ಟೆ ತರಲು ಅವನು ಮತ್ತೆ ಬಂದ. ಗುಂಡಿ ತೋರಿಸಲು ಮತ್ತೆ ಬಂದ. ಅಂಗಡಿಯ ಮೆಟ್ಟಿಲ ಮೇಲೆ ಕೂತು ಮಹದೇವಮ್ಮನ ಜೊತೆ ಅವರೆಕಾಯಿ ಬಿಡಿಸಿದ.

"ಮೇಷ್ಟ್ರೇ, ಗುಂಡಿ ತರಕ್ಕೆ ನರಸೀಪುರದಿಂದ ನಂಜನಗೂಡಿಗಾ? ನಿಮ್ಮೂರಲ್ಲಿ ಗುಂಡಿ ಸಿಕ್ಕಾಕಿಲ್ವಾ?"

"ಸಿಗುತ್ತೆ ಅಮ್ಮ. ಅವರೆಕಾಯಿ ಸಿಗಲ್ಲ."

ಮಹದೇವಮ್ಮ ಸೊಸೆಯ ಕಡೆ ಓರೆಗಣ್ಣಲ್ಲಿ ನೋಡಿದರು. ರಂಜಿನಿ ಗುಂಡಿಯ ಕಾಜಾ ಹೊಲಿಯುತ್ತಿದ್ದಳು.

ಅಂದೇ ಅವನು ಗೋಡೆಯ ಫೋಟೋ ನೋಡಿ ಕೇಳಿದ್ದು.

"ಮಧು ಅವರು ಹೇಗಿದ್ರು?"

ಅವಳ ಸೂಜಿ ನಿಂತಿತು. ಹೇಗೆ ಹೋದ ಎಂದು ಎಲ್ಲರೂ ಕೇಳಿದ್ದರು. ಹೇಗಿದ್ದ ಎಂದು ಯಾರೂ ಕೇಳಿರಲಿಲ್ಲ.

"ಜೋರಾಗಿ ಸೀನ್ತಿದ್ರು," ಎಂದಳು. "ಬೀದಿ ಕೊನೇವರೆಗೂ ಕೇಳೋದು."

"ಬೆಕ್ಕು ಎಗರಿ ಓಡೋಗದು ಕಣಪ್ಪ!" ಎಂದು ಮಹದೇವಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು. ಅವರ ಮುಖದಲ್ಲಿ ನಗುವೂ ಇತ್ತು.

ಬಟ್ಟೆ ಒಯ್ಯುವ ದಿನ ಅವನು ಹೇಳಿದ. "ಸೋಮವಾರ ಬೆಳಿಗ್ಗೆ ಇಲ್ಲೇ, ಹೊಳೆ ಹತ್ತಿರಾನೇ ಮುಡಿ. ನೀವೂ ಬನ್ನಿ."

"ನಾನು ಬರಲ್ಲ."

"ಮಕ್ಕಳು ಹಾಕ್ಕೊಂಡಿದ್ದನ್ನ ನೋಡೋಕಾದ್ರೂ..."

"ಬರಲ್ಲ ಅಂದ್ನಲ್ಲ!"

*

ಬರಲ್ಲ ಎಂದವಳು ಸೋಮವಾರ ಬೆಳಿಗ್ಗೆ ಕಪಿಲೆಯ ದಡಕ್ಕೆ ಹೋದಳು.

ದೂರದಲ್ಲಿ ನಿಂತಳು. ಶಿವಮೂರ್ತಿಯನ್ನು ಬೇಗ ಗುರುತಿಸಿದಳು. ಅವನ ಪಂಚೆಯ ತುಂಬ ಕೂದಲು. ಪಕ್ಕದಲ್ಲಿ ಸಿಂಧು ಅಳುತ್ತಲೂ ನಗುತ್ತಲೂ ಇದ್ದಳು. ಬೋಳು ತಲೆಗೆ ಗಂಧ ಬಳಿದ ಮಗು ಅವನ ಹೆಗಲ ಮೇಲೆ.

ಮಗುವಿನ ಮೈಮೇಲೆ ಕೆಂಪು ಮಿಂಚಿನ ರೆಡಿಮೇಡ್ ಅಂಗಿ. ಬೆಲೆಯ ಚೀಟಿ ಇನ್ನೂ ತೂಗುತ್ತಿತ್ತು. ಅಕ್ಕನಿಗೆ ಗುಲಾಬಿ ಬಣ್ಣದ ಜಾಲರಿ ಫ್ರಾಕು.

ನೀಲಿ ಇಲ್ಲ. ಹಳದಿ ಇಲ್ಲ.

'ಕೊನೆಗೂ ಶಕುನ ನೋಡಿದರು...'

ಅವಳು ತಿರುಗಿ ನಡೆದಳು. ಕಣ್ಣಲ್ಲಿ ನೀರು ಬರಲಿಲ್ಲ.

ಮಧ್ಯಾಹ್ನ ಫೋನಿಗೆ ಸಂದೇಶ ಬಂತು.

'ಬಟ್ಟೆ ಇಬ್ಬರಿಗೂ ತುಂಬಾ ಚೆನ್ನಾಗಿ ಕೂತಿತ್ತು. ಎಲ್ಲರೂ ಹೊಗಳಿದರು. ಥ್ಯಾಂಕ್ಸ್.'

ಹಾಕದೆ ಇದ್ದದ್ದೂ ಇಷ್ಟು ನೋಯಿಸಿರಲಿಲ್ಲ. ಸುಳ್ಳು! ಆ ಕಣ್ಣುಗಳಿಗೆ ಸುಳ್ಳೂ ಬರುತ್ತದೆಯೇ?

ಆ ವಾರವೇ ಅವನು ಬಂದ. ರಂಜಿನಿ ಏಳಲಿಲ್ಲ.

"ಕೆಲಸ ತುಂಬಾ ಇದೆ. ಇನ್ಮೇಲೆ ಬೇರೆ ಟೈಲರ್ ನೋಡ್ಕೊಳ್ಳಿ."

"ನನ್ನಿಂದ ಏನಾದ್ರೂ..."

"ಬಟ್ಟೆ ಚೆನ್ನಾಗಿ ಕೂತಿತ್ತಂತಲ್ಲ. ಮತ್ತೇನು ಬಾಕಿ?"

ಅವನ ಮುಖ ಬಿಳಿಚಿತು. ಮೆಟ್ಟಿಲಿಳಿದು ಹೋದ.

ಮೆಟ್ಟಿಲ ಮೇಲಿದ್ದ ಮಹದೇವಮ್ಮ ಅವನು ತಿರುವು ದಾಟುವವರೆಗೂ ನೋಡಿದರು.

"ರಂಜೂ, ಸಾಯೋವರ್ಗೂ ಇಂಗೇ ಮಿಷನ್ ತುಳೀತಾ ಕೂತಿರು. ಆದ್ರೆ ಒಂದ್ ಮಾತು ಕಣವ್ವ. ನನ್ ಮಗನ ಎಸ್ರಲ್ಲಿ ಅಂಗ್ ಕೂರಬ್ಯಾಡ. ಅವ್ನು ಅಂಗ್ ಕೂರಿಸ್ತಿದ್ದೋನಲ್ಲ."

ಅಂದು ರಂಜಿನಿ ಯೂನಿಫಾರಂ ಒಂದರ ತೋಳನ್ನು ಒಳಗು ಹೊರಗಾಗಿ ಸೇರಿಸಿ, ಮತ್ತೆ ಬಿಚ್ಚಬೇಕಾಯಿತು.

*

ಶನಿವಾರ ಅಂಗಡಿಗೆ ಒಬ್ಬ ಹೆಂಗಸು ಬಂದಳು. ಒಂದು ಕೈಯಲ್ಲಿ ಬೋಳು ತಲೆಯ ಮಗು, ಇನ್ನೊಂದರಲ್ಲಿ ಚೀಲ. ಹಿಂದೆ ಜಡೆ ಕುಣಿಸುತ್ತಾ ಒಬ್ಬ ಹುಡುಗಿ.

"ಅಕ್ಕ, ನಾನು ಸಿಂಧು. ಮೇಷ್ಟ್ರ ತಂಗಿ. ಅಣ್ಣಂಗೆ ಗೊತ್ತಿಲ್ಲ ನಾನು ಬಂದಿರೋದು. ಇದನ್ನ ಸ್ವಲ್ಪ ದೊಡ್ಡದು ಮಾಡ್ಕೊಡ್ತೀರಾ?"

ಚೀಲದಿಂದ ನೀಲಿ ಫ್ರಾಕು, ಹಳದಿ ಅಂಗಿ ಹೊರಬಂದವು.

"ದೊಡ್ಡದಾ?"

"ಹೂಂ ಅಕ್ಕ. ಸ್ನಾನ ಮಾಡ್ಸಿ ಹಾಕೋಕೆ ಹೋದ್ರೆ ಪಾಪುಗೆ ಗುಂಡೀನೇ ಕೂಡ್ಲಿಲ್ಲ! ಮಗಳು ಸಮತಾಗೆ ಫ್ರಾಕು ಮಂಡಿ ಮೇಲೆ. ಮಗು ಚಳೀಲಿ ನಡುಗ್ತಿತ್ತು. ನಮ್ಮೆಜಮಾನ್ರು ಓಡೋಗಿ ಅಂಗಡಿ ಬೀದೀಲಿ ಸಿಕ್ಕಿದ್ದು ತಂದ್ರು."

"ನಾನು ಫೋಟೋ ನೋಡಿ ಸರಿಯಾಗೇ ಅಳೆದಿದ್ದೆ..."

"ಯಾವ ಫೋಟೋ?"

"ಕುರ್ಚಿ ಪಕ್ಕ ನಿಂತಿರೋದು. ನೀವು ಸ್ಟೇಟಸ್‌ಗೆ ಹಾಕಿದ್ದು."

ಸಿಂಧು ಬಾಯಿಗೆ ಕೈ ಅಡ್ಡ ಹಿಡಿದಳು. "ಅಯ್ಯೋ ಅಕ್ಕ! ಅದು ಹೋದ ವರ್ಷದ್ದು! ಫೋನೇ ನೆನಪು ಅಂತ ತೋರಿಸ್ತು, ಮುದ್ದಾಗಿದೆ ಅಂತ ಹಾಕ್ದೆ. ನಮ್ಮಣ್ಣ ಮಕ್ಕಳನ್ನ ನೋಡಿದ್ರೆ ತಾನೆ ಹಳೇದು ಹೊಸದು ಗೊತ್ತಾಗೋದು!"

ರಂಜಿನಿ ಅಂಗಿಯನ್ನು ನೋಡಿದಳು. ಮಗುವನ್ನು ನೋಡಿದಳು. ಅಳತೆ ಸರಿಯಾಗಿಯೇ ಇತ್ತು. ಹೋದ ವರ್ಷದ ಮಗುವಿಗೆ.

ಎದೆಯೊಳಗಿನಿಂದ ಏನೋ ಮೇಲೆದ್ದು ಬಂತು. ಅಳು ಎಂದುಕೊಂಡಳು. ನಗು! ತಡೆಯಲಾಗದೆ ಮಿಷನ್ನಿನ ಮೇಲೆ ತಲೆಯಿಟ್ಟು ನಕ್ಕಳು. ಒಳಗಿನಿಂದ ಮಹದೇವಮ್ಮ ಓಡಿಬಂದು, ಏನೂ ಕೇಳದೆ, ಬಾಗಿಲು ಹಿಡಿದು ನಿಂತುಬಿಟ್ಟರು. ಆ ಮನೆಯಲ್ಲಿ ಆ ಸದ್ದು ಕೇಳಿ ಬಹಳ ಕಾಲವಾಗಿತ್ತು.

"ಅಲ್ಲಿ ನಮ್ಮ ಅತ್ತೆ ಒಬ್ರು, 'ಯಾರ್ ಒಲಿದಿದ್ದು ಇದ್ನ?' ಅಂತ ರಾಗ ತೆಗೆದ್ರು ಅಕ್ಕ," ಎಂದಳು ಸಿಂಧು. "ಅಣ್ಣ ತಕ್ಷಣ, 'ಹೊಲಿದವರದ್ದೇನೂ ತಪ್ಪಿಲ್ಲ, ಅಳತೆ ಕೊಟ್ಟ ನಾನೇ ಪೆದ್ದ' ಅಂದ. ನಾನು ಆಮೇಲೆ ಕೇಳ್ದೆ, ಟೈಲರ್‌ಗೆ ಹೇಳ್ದ್ಯಾ ಅಂತ. 'ಬೇಡ ಕಣೇ. ಚಿಕ್ಕದಾಯ್ತು ಅಂದ್ರೆ ತನ್ನ ಕೈಯೇ ಸರಿ ಇಲ್ಲ ಅಂದ್ಕೋತಾರೆ. ಕಷ್ಟಪಟ್ಟು ಒಪ್ಕೊಂಡಿದ್ರು' ಅಂದ."

ರಂಜಿನಿಯ ನಗು ನಿಂತಿತು. ಆಮೇಲೆ ಕಣ್ಣೀರು ಬಂತು. ಅದನ್ನೂ ಅವಳು ತಡೆಯಲಿಲ್ಲ.

ಸಮತಾ ಹತ್ತಿರ ಬಂದು ಅವಳ ಮೊಣಕೈ ಮುಟ್ಟಿದಳು. "ಆಂಟಿ, ಸೂಜಿ ಚುಚ್ತಾ?"

"ಹೂಂ ಪುಟ್ಟಿ. ಬಾ ಇಲ್ಲಿ, ನೆಟ್ಟಗೆ ನಿಂತ್ಕೊ. ಈ ಸಲ ನಿನ್ನನ್ನೇ ಅಳೀತೀನಿ."

ಬೆಳೆಯುವ ಮಕ್ಕಳದೆಂದು ಫ್ರಾಕಿನ ಒಳಗೆ ಅವಳು ಧಾರಾಳವಾಗಿ ಬಟ್ಟೆ ಬಿಟ್ಟಿದ್ದಳು. ಬಿಚ್ಚಿ ಇಳಿಸಿದರೆ ಸಾಕಿತ್ತು. ಅಂಗಿ ಮಾತ್ರ ಹೊಸದೇ ಆಗಬೇಕು.

"ಭಾನುವಾರ ಬಂದು ತಗೊಂಡು ಹೋಗೋಕೆ ಹೇಳಿ," ಎಂದಳು. "ನಿಮ್ಮಣ್ಣಂಗೆ."

*

ಭಾನುವಾರ ಸಂಜೆ ಬೀದಿಯಲ್ಲಿ ನೀಲಿ ಫ್ರಾಕು, ಹಳದಿ ಅಂಗಿ ಒಂದರ ಹಿಂದೊಂದು ಓಡಾಡುತ್ತಿದ್ದವು. ಮಕ್ಕಳನ್ನು ಕರೆತಂದಿದ್ದ ಶಿವಮೂರ್ತಿ ಮೆಟ್ಟಿಲ ಕೆಳಗೇ ನಿಂತಿದ್ದ.

"ನಾನು ಅವತ್ತು ಹೊಳೆ ಹತ್ತಿರ ಬಂದಿದ್ದೆ," ಎಂದಳು ರಂಜಿನಿ. "ನಿಮ್ಮ ಮೆಸೇಜ್ ಬರೋಕೆ ಮುಂಚೆ."

ಅವನು ಕಣ್ಣು ಮುಚ್ಚಿಕೊಂಡ. "ಹಾಗಾದ್ರೆ ನಾನು ದೊಡ್ಡ ಪೆದ್ದ."

"ಯಾಕೆ ಸುಳ್ಳು ಹೇಳಿದ್ರಿ?"

"ನೀವು ನೊಂದ್ಕೋಬಾರ್ದು ಅಂತ."

"ಎಲ್ಲರೂ ಹಾಗೇ ಮಾಡ್ತಾರೆ ಶಿವಮೂರ್ತಿ ಅವರೇ. ನನ್ನ ಮುಂದೆ ದನಿ ತಗ್ಗಿಸ್ತಾರೆ, ಮಾತು ಬದಲಾಯಿಸ್ತಾರೆ. ನೀವೊಬ್ರೇ ಹಾಗೆ ಮಾಡಿರ್ಲಿಲ್ಲ." ಅವಳು ಉಸಿರೆಳೆದುಕೊಂಡಳು. "ಬಟ್ಟೆ ಚಿಕ್ಕದಾದ್ರೆ ಚಿಕ್ಕದಾಯ್ತು ಅನ್ನಿ. ಅಳತೆ ತಪ್ಪಿದ್ದು ಬರೀ ಅಳತೆ ತಪ್ಪಿದ್ದು. ಅದು ನನ್ನ ಹಣೆಬರಹ ಅಲ್ಲ. ನನಗೂ ಅದು ಈಗ ಗೊತ್ತಾಯ್ತು."

ಅವನು ಒಂದು ಮೆಟ್ಟಿಲು ಹತ್ತಿದ.

"ಹಾಗಾದ್ರೆ ಒಂದು ನಿಜ ಹೇಳ್ಲಾ? ನಮ್ಮೂರಲ್ಲೂ ಅವರೆಕಾಯಿ ಸಿಗುತ್ತೆ."

ಅವಳ ಕೆನ್ನೆ ಬೆಚ್ಚಗಾಯಿತು.

"ನಿಮ್ಮ ಜೊತೆ ಬಾಳ್ಬೇಕು ಅಂತ ಆಸೆ ಇದೆ ರಂಜಿನಿ. ಅವಸರ ಇಲ್ಲ. ಮಧು ಅವರ ಫೋಟೋ ಎಲ್ಲಿ ಇರ್ಬೇಕೋ ಅಲ್ಲೇ ಇರ್ಲಿ."

"ನಾನು ಅತ್ತೇನ ಬಿಟ್ಟು ಎಲ್ಲಿಗೂ ಬರಲ್ಲ."

"ಬಿಡು ಅಂದೋರ್ಯಾರು? ಅಪ್ಪನ್ನ ಕರ್ಕೊಂಡು ಬಂದು ಮೊದಲು ನಿಮ್ಮ ಅತ್ತೇನೇ ಕೇಳ್ತೀನಿ."

"ನನ್ನ ಕೇಳಕ್ಕೆ ಬರೋರು ಬರಿಗೈಲಿ ಬರಬ್ಯಾಡಿ ಮೇಷ್ಟ್ರೇ!" ಒಳಗಿನಿಂದ ಮಹದೇವಮ್ಮ ಕೂಗಿದರು. "ಎಲೆ ಅಡಿಕೆ ತನ್ನಿ! ಅಂಗೇ ನಿಮ್ಮಪ್ಪಂಗೂ ಏಳಿ, ಬಾಗ್ಲು ಮುಚ್ಚೋ ಬುದ್ಧಿ ಮನೇಲೇ ಬುಟ್ಟು ಬರ್ಲಿ!"

ಇಬ್ಬರೂ ನಕ್ಕರು. ರಂಜಿನಿ ಬೇಗ ತಲೆ ತಗ್ಗಿಸಿ, ಬೀದಿಯಲ್ಲಿ ಓಡುತ್ತಿದ್ದ ಮಕ್ಕಳ ಕಡೆಗೆ ನೋಡಿದಳು.

"ಈಗ ನಿಜ ಹೇಳಿ. ಬಟ್ಟೆ ಹೇಗಿದೆ?"

ಶಿವಮೂರ್ತಿ ಮಕ್ಕಳನ್ನು ನೋಡಿದ. ಅವಳನ್ನು ನೋಡಿದ. ಗಂಟಲು ಸರಿಮಾಡಿಕೊಂಡ.

"ಹೇಳ್ಲಾ?"

"ಹೇಳಿ."

"ಪಾಪು ಅಂಗೀದು... ಎಡತೋಳು ಒಂಚೂರು ಉದ್ದ."

ರಂಜಿನಿ ಕಣ್ಣು ಕಿರಿದು ಮಾಡಿ ನೋಡಿದಳು. ಹೌದು, ಉದ್ದವೇ.

ಅವಳು ಕುರ್ಚಿಯನ್ನು ಅವನತ್ತ ಸರಿಸಿದಳು.

"ಒಳಗೆ ಬಂದು ಕೂತ್ಕೊಳ್ಳಿ. ಸರಿ ಮಾಡ್ಕೊಡ್ತೀನಿ."